ತಿರುಗಿ ಕೊಡದ ಪಾತ್ರೆ

ಹಸಿ ಗಿಣ್ಣುಹಾಲಿಗೆ ಒಂದು ವಾಸನೆಯಿದೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಮೇಲೆ ಬರುವ ಘಮವಲ್ಲ. ಅದನ್ನು ಎಲ್ಲರೂ ಬಲ್ಲರು. ಈಗಷ್ಟೇ ಈಯ್ದ ಹಸುವಿನ ಮೊದಲ ಹಾಲು ಹಳದಿಯಾಗಿ, ಮಂದವಾಗಿ ಪಾತ್ರೆಯಲ್ಲಿ ಕೂತಿರುವಾಗ ಬರುವುದೇ ಬೇರೆ: ತುಪ್ಪ, ಹಸಿಹುಲ್ಲು, ಕರುವಿನ ಒದ್ದೆ ಮೈ ಎಲ್ಲ ಸೇರಿದಂಥದ್ದು. ಬೇತಮಂಗಲದ ಅಜ್ಜಿಯ ಮನೆಯ ಕೊಟ್ಟಿಗೆಯಲ್ಲಿ ಶ್ರೀದೇವಮ್ಮ ಅದನ್ನು ಮೂಗಿನ ತುಂಬ ಎಳೆದುಕೊಂಡಿದ್ದು ಲಂಗ ಉಡುವ ವಯಸ್ಸಿನಲ್ಲಿ. ಆಮೇಲೆ ಕೆಜಿಎಫ್ ಸೇರಿ, ಸ್ಕೂಲಿನಲ್ಲಿ ಪಾಠ ಹೇಳಿ, ನಿವೃತ್ತಿಯಾಗಿ, ಪ್ಯಾಕೆಟ್ ಹಾಲಿಗೆ ಒಗ್ಗಿಕೊಂಡು, ಆ ವಾಸನೆ ಹೋಯಿತೆಂದೇ ತಿಳಿದಿದ್ದರು. ಅದು ಮತ್ತೆ ಮೂಗಿಗೆ ಬಡಿದದ್ದು ಬಂಗಾರಪೇಟೆಯ ಒಂದು ಕ್ಲಿನಿಕ್ಕಿನಲ್ಲಿ, ಔಷಧಿ ಇಡುವ ಫ್ರಿಜ್ಜಿನ ಬಾಗಿಲು ತೆರೆದಾಗ. ಬಡಿಯದೆ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಅವರಿಗೆ ಈಗಲೂ ಒಮ್ಮೊಮ್ಮೆ ಅನ್ನಿಸುವುದುಂಟು.

ಕೆಜಿಎಫ್‌ನ ಊರಿಗಾಂನಲ್ಲಿ, ಗಣಿಯ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿ, ಶ್ರೀದೇವಮ್ಮನ ಮನೆಗೂ ಅರುಣಕುಮಾರಿಯವರ ಮನೆಗೂ ನಡುವೆ ಒಂದೇ ಗೋಡೆ. ಅರುಣಕುಮಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ನಿವೃತ್ತಿಯಾದ ಮೇಲೆ ಕಲಿಸುವುದು ನಿಂತಿತು, ಕೆದಕುವುದು ನಿಲ್ಲಲಿಲ್ಲ. ಯಾರದೋ ಸರ ಕಳೆದರೆ, ಯಾರದೋ ಬಾವಿಯ ನೀರು ಇದ್ದಕ್ಕಿದ್ದಂತೆ ಕಹಿಯಾದರೆ, ಜನ ಮೊದಲು ಬಡಿಯುವುದು ಅವರ ಬಾಗಿಲು. "ಟೀಚರಮ್ಮ ದಿಟ್ಟಿಸಿ ನೋಡಿದ್ರೆ ಗೋಡೇನೂ ತಪ್ಪು ಒಪ್ಕಂತದೆ" ಎನ್ನುತ್ತಿದ್ದಳು ಸೊಪ್ಪು ಮಾರುವವಳು. ಜೊತೆಗೆ ಶ್ರೀದೇವಮ್ಮ ಇರಲೇಬೇಕು. ಕೊಡೆ, ನೀರಿನ ಬಾಟಲಿ, ಬಿಸ್ಕತ್ತು ಎಲ್ಲ ಅವರ ಚೀಲದಲ್ಲೇ ಇರುತ್ತಿದ್ದವು.

ಆ ಬೆಳಿಗ್ಗೆ ಬಾಗಿಲು ಬಡಿದವಳು ಶಶಿರೇಖ. ಅರುಣಕುಮಾರಿಯವರ ಹಳೇ ವಿದ್ಯಾರ್ಥಿನಿ, ಅಲ್ಲೇ ಪಕ್ಕದ ಚಾಂಪಿಯನ್ ರೀಫ್ಸಿನ ಹುಡುಗಿ. ನರ್ಸಿಂಗ್ ಓದಿ, ಬಂಗಾರಪೇಟೆಯ ಡಾಕ್ಟರ್ ಗೋಪಿನಾಥ್ ಅವರ ಕ್ಲಿನಿಕ್ಕಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದಳು. ಕೈಯಲ್ಲಿ ಊಟದ ಡಬ್ಬಿಯ ಚೀಲವಿತ್ತು, ಆದರೆ ಮೈಮೇಲೆ ಕೆಲಸದ ಬಿಳಿ ಕೋಟು ಇರಲಿಲ್ಲ.

"ಮಿಸ್, ನಾನು ಕಳ್ಳಿ ಅಲ್ಲ," ಎಂದಳು. ನಮಸ್ಕಾರಕ್ಕೂ ಮೊದಲು ಅದೇ ಮಾತು.

"ಕಳ್ಳಿ ಅಂತ ಯಾರಂದರು? ಮೊದಲು ಕೂತ್ಕೋ."

"ಇಡೀ ಬಂಗಾರಪೇಟೆ ಅಂತಿದೆ ಮಿಸ್."

ಶ್ರೀದೇವಮ್ಮ ಕಾಫಿ ತಂದಿಟ್ಟರು. ಲೋಟ ಹಿಡಿದುಕೊಂಡೇ, ಕುಡಿಯದೆ, ಶಶಿರೇಖ ನಡೆದದ್ದನ್ನು ಹೇಳಿದಳು.

ಕ್ಲಿನಿಕ್ಕಿನ ಹಿಂದಿನ ಓಣಿಯಲ್ಲಿ ವೆಂಕಟರಾಮಪ್ಪ, ಪಿಳ್ಳಮ್ಮ ಎಂಬ ವಯಸ್ಸಾದ ದಂಪತಿ ಹಸು ಕಟ್ಟಿಕೊಂಡು ಬದುಕುತ್ತಿದ್ದರು. ಪಿಳ್ಳಮ್ಮನಿಗೆ ಸಕ್ಕರೆ ಕಾಯಿಲೆ, ಕಣ್ಣೂ ಮಂಜು. ಮನೆಯಲ್ಲಿ ಫ್ರಿಜ್ಜಿಲ್ಲ. ಅಂಥವರ ಇನ್ಸುಲಿನ್ ಸೀಸೆಗಳನ್ನು ಹೆಸರು ಬರೆದು ಕ್ಲಿನಿಕ್ಕಿನ ಫ್ರಿಜ್ಜಿನಲ್ಲೇ ಇಡುವುದು ಅಲ್ಲಿನ ರೂಢಿ. ಬೆಳಿಗ್ಗೆ ಸಂಜೆ ವೆಂಕಟರಾಮಪ್ಪ ಹೆಂಡತಿಯನ್ನು ಕೈಹಿಡಿದು ಕರೆತರುತ್ತಿದ್ದರು, ಶಶಿರೇಖ ಸೂಜಿ ಹಾಕುತ್ತಿದ್ದಳು. ವರ್ಷಗಳಿಂದ ನಡೆದು ಬಂದದ್ದು. ಈ ಸಲ ಮಾವಿನ ಕಾಲದಲ್ಲಿ ಪಿಳ್ಳಮ್ಮ ಇದ್ದಕ್ಕಿದ್ದಂತೆ ಕುಸಿದರು. ಕೊಡಗಟ್ಟಲೆ ನೀರು ಕುಡಿದರೂ ದಾಹ, ವಾಂತಿ, ಮಂಪರು. ಡಾಕ್ಟರು ಔಷಧಿಯ ಪ್ರಮಾಣ ಹೆಚ್ಚಿಸಿದರೂ ಸಕ್ಕರೆ ಇಳಿಯಲಿಲ್ಲ. ಕೋಲಾರದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಉಳಿಯಲಿಲ್ಲ.

"ಅಲ್ಲಿ ಯಾರೋ ಡಾಕ್ಟರು 'ಈಕೆಗೆ ಇನ್ಸುಲಿನ್ ಕೊಟ್ಟ ಹಾಗೇ ಇಲ್ಲವಲ್ಲ' ಅಂದರಂತೆ. ಅಷ್ಟೇ ಸಾಕಾಯ್ತು. ನರ್ಸು ಔಷಧಿ ಮಾರಿಕೊಂಡು ಸೀಸೆಗೆ ನೀರು ತುಂಬಿಟ್ಟಿದ್ಲು ಅಂತ ಊರೆಲ್ಲ ಹಬ್ಬಿದೆ. ವೆಂಕಟರಾಮಪ್ಪ ಕ್ಲಿನಿಕ್ ಮುಂದೆ ನಿಂತು ಶಾಪ ಹಾಕಿ ಮಣ್ಣು ತೂರಿದ್ರು ಮಿಸ್. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಸ್ಟೇಷನ್ನಿಗೆ ಹೋಗ್ತಾರಂತೆ. ಕೇಸಾದ್ರೆ ಇನ್ನು ಯಾವ ಆಸ್ಪತ್ರೆ ನನ್ನನ್ನ ಒಳಗೆ ಬಿಡುತ್ತೆ?"

"ಗೋಪಿನಾಥ್ ಏನಂತಾರೆ?"

"ಮುಂದಿನ ವಾರ ಗುಣಮಟ್ಟ ಪರೀಕ್ಷಿಸೋ ತಂಡ ಬರುತ್ತೆ, ಅಲ್ಲೀತನಕ ಮನೇಲಿರು ಅಂದ್ರು. ದಿನಾ ಡಬ್ಬಿ ಕಟ್ಕೊಂಡು ಹೊರಡ್ತೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ."

ಅರುಣಕುಮಾರಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಆ ವಾರ ಔಷಧಿಯಲ್ಲಿ ಏನಾದರೂ ಬೇರೆ ಥರ ಕಂಡಿತ್ತಾ?"

ಹುಡುಗಿ ತಲೆ ತಗ್ಗಿಸಿದಳು. "ಕಂಡಿತ್ತು. ಆ ಬಗೆಯ ಇನ್ಸುಲಿನ್ ಯಾವಾಗಲೂ ನೀರುಮಜ್ಜಿಗೆ ಥರ ಬೆಳ್ಳಗಿರುತ್ತೆ. ಅಂಗೈಲಿ ಉರುಳಿಸಿದರೆ ಸಮ ಆಗುತ್ತೆ. ಈ ಸಲ ಎಷ್ಟು ಉರುಳಿಸಿದರೂ ಬಿಳೀ ಚೂರು ಉಳಿಯೋದು. ಡಾಕ್ಟರಿಗೆ ತೋರಿಸಿದೆ. ಜನ ತುಂಬಿದ್ರು. 'ಇನ್ನೂ ಸ್ವಲ್ಪ ಉರುಳಿಸಿ ಕೊಡಮ್ಮ' ಅಂದ್ರು. ಕೊಟ್ಟೆ. ಎಸೆದು ಬೇರೆ ತೆಗೀಬೇಕಿತ್ತು ಮಿಸ್. ನನ್ನದು ತಪ್ಪಿದ್ದರೆ ಅದೊಂದೇ."

ಅರುಣಕುಮಾರಿ ಎದ್ದು ಚಪ್ಪಲಿ ಹುಡುಕಿದರು. "ಶ್ರೀದೇವಿ, ಕೊಡೆ ತಗೋ. ಬಂಗಾರಪೇಟೆಗೆ ಮಾರಿಕುಪ್ಪಂ ಕಡೆಯಿಂದ ಬರೋ ಗಾಡಿ ಸಿಗುತ್ತೆ."

* * *

ಡಾಕ್ಟರ್ ಗೋಪಿನಾಥ್ ಒಳ್ಳೆಯ ಮನುಷ್ಯ ಎಂಬುದು ಕ್ಲಿನಿಕ್ಕಿನ ಬೆಂಚುಗಳನ್ನು ನೋಡಿದರೇ ತಿಳಿಯುತ್ತಿತ್ತು. ಕಾಮಸಮುದ್ರದಿಂದ, ಕ್ಯಾಸಂಬಳ್ಳಿಯಿಂದ ಬಸ್ಸು ಹತ್ತಿ ಬಂದವರು ಅಲ್ಲಿ ಕಾದು ಕೂತಿದ್ದರು. ಪರೀಕ್ಷೆಯ ತಂಡಕ್ಕಾಗಿ ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಕೈ ತೊಳೆಯುವ ಕ್ರಮದ ಚಿತ್ರ, ಕೆಂಪು ಹಳದಿ ಕಸದ ಬುಟ್ಟಿಗಳು, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಎಲ್ಲ ಎದ್ದು ಕಾಣುವ ಜಾಗದಲ್ಲಿದ್ದವು.

"ಎಲ್ಲ ಮಾನದಂಡದ ಪ್ರಕಾರವೇ ಇದೆ ಮೇಡಂ," ಎಂದರು ಡಾಕ್ಟರು, ದಣಿದ ದನಿಯಲ್ಲಿ. "ಶಶಿರೇಖ ಕದ್ದಳು ಅಂತ ನನಗೂ ನಂಬಿಕೆ ಬರಲ್ಲ. ಆದರೆ ಬೇರೆ ಕಾರಣ ಕಾಣಬೇಕಲ್ಲ? ಮೊದಮೊದಲು ನಾನು ಪಿಳ್ಳಮ್ಮನಿಗೇ ಬೈದೆ, ಮಾವಿನಹಣ್ಣು ತಿಂದಿರ್ತೀಯ ಅಂತ. ನಮ್ಮ ಕೋಲಾರದವರು ಈ ಕಾಲದಲ್ಲಿ ಬಿಡ್ತಾರಾ? ತಿಂದಿಲ್ಲ ಅಂತ ಆಣೆ ಇಟ್ಟಳು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಆಗಲೇ ಶುಭ್ರವಾಗಿತ್ತು.

ಮೇಜಿನ ಖಾನೆಯಿಂದ ಪಿಳ್ಳಮ್ಮನ ಸೀಸೆಯನ್ನು ಡಬ್ಬದ ಸಮೇತ ತೆಗೆದುಕೊಟ್ಟರು. ಅರುಣಕುಮಾರಿ ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಒಳಮೈಗೆ ಬಿಳಿಯ ಪುಡಿ ಮೆತ್ತಿಕೊಂಡಿತ್ತು, ಚಳಿಗಾಲದ ಮುಂಜಾನೆ ಕಿಟಕಿಗೆ ಹಿಡಿಯುವ ಮಂಜಿನ ಹಾಗೆ. ರಟ್ಟಿನ ಡಬ್ಬದ ತಳ ಒಮ್ಮೆ ನೆನೆದು ಒಣಗಿ ಸುಕ್ಕಾಗಿತ್ತು.

ಫ್ರಿಜ್ಜಿದ್ದದ್ದು ಡ್ರೆಸ್ಸಿಂಗ್ ಕೋಣೆಯಲ್ಲಿ. ಮನೆಬಳಕೆಯ ಒಂದೇ ಬಾಗಿಲಿನ ಫ್ರಿಜ್ಜು. ಬಾಗಿಲ ಮೇಲೆ ದೇವಿಯ ಕ್ಯಾಲೆಂಡರ್ ತೂಗುತ್ತಿತ್ತು. ಅರುಣಕುಮಾರಿ ಅದನ್ನು ಎತ್ತಿದರೆ ಕೆಳಗೊಂದು ಚೀಟಿ: 'ಔಷಧಿ ಮಾತ್ರ. ತಿನ್ನುವ ಪದಾರ್ಥ ಇಡಬಾರದು.' ಕ್ಲಿನಿಕ್ಕಿನ ಔಷಧಿ ಅಂಗಡಿ ನೋಡಿಕೊಳ್ಳುವ ಅಶ್ವಥ್ ಪಕ್ಕದಲ್ಲೇ ನಿಂತು ಬೆವರುತ್ತಿದ್ದ.

"ಬೀಗ ಇಲ್ವಾ ಇದಕ್ಕೆ?"

"ಇಲ್ಲ ಮೇಡಂ. ಆದ್ರೆ ನರ್ಸ್ ಬಿಟ್ಟು ಇನ್ಯಾರೂ ಮುಟ್ಟಲ್ಲ. ನಾನಂತೂ ಮುಟ್ಟಲ್ಲ."

"ಈ ದಾರ ಏನಕ್ಕೆ?" ಒಳಗಿನ ಕಂಬಿಗೆ ಒಂದು ದಾರದ ತುಂಡು ಜೋತುಬಿದ್ದಿತ್ತು.

ಅಶ್ವಥನ ಬೆವರಿನ ಕಾರಣ ಗೊತ್ತಾಯಿತು. "ಥರ್ಮಾಮೀಟರ್ ಇತ್ತು. ಒಡೆದೋಯ್ತು. ಹೊಸದು ತರೋಕೆ ಹೇಳಿದ್ರು... ಮರೆತುಬಿಟ್ಟೆ. ಯಾರೂ ಕೇಳ್ಲಿಲ್ಲ, ನಾನೂ ತರ್ಲಿಲ್ಲ."

ಬಾಗಿಲಿನ ಅಂಕಣದಲ್ಲಿ ಉಳಿದ ರೋಗಿಗಳ ಸೀಸೆಗಳು ಸಾಲಾಗಿ ನಿಂತಿದ್ದವು. ಒಳಗೆ, ಮಂಜು ಕಟ್ಟುವ ಹಿಂಬದಿಯ ತಗಡಿಗೆ ಒತ್ತಿಕೊಂಡಂತೆ, ಒಂದು ಡಬ್ಬದಷ್ಟು ಜಾಗ ಖಾಲಿ ಇತ್ತು. ಶ್ರೀದೇವಮ್ಮ ಬಗ್ಗಿ ನೋಡಿದರು. ಆಗಲೇ ಆ ವಾಸನೆ ಬಂತು. ಸ್ಪಿರಿಟ್ಟಿನ ನಡುವೆ ಎಳೆಯಷ್ಟು, ಹುಳಿತದ್ದು, ಆದರೂ ಅದೇ.

"ಅಯ್ಯೋ, ಗಿಣ್ಣು!" ಎಂದರು, ತಮಗರಿವಿಲ್ಲದೆ.

ಅಶ್ವಥ್ ನಕ್ಕುಬಿಟ್ಟ. "ಅಜ್ಜೀ, ಇದು ಕ್ಲಿನಿಕ್ಕು. ಹಸಿವಾಯ್ತಾ?"

ಅರುಣಕುಮಾರಿ ನಗಲಿಲ್ಲ. ಫ್ರಿಜ್ಜಿನ ತಟ್ಟೆಯ ಅಂಚಿನ ಸಂದಿಯಲ್ಲಿ ಉಗುರಾಡಿಸಿದರು. ಹಳದಿಯ ಒಣ ಹಕ್ಕಳೆಯೊಂದು ಎದ್ದುಬಂತು. ಆಮೇಲೆ ತಂಪನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ನೋಡಿದರು. ಅದು ನಡುವಿನ ಅಂಕಿಯ ಮೇಲಿತ್ತು. ಅದರ ಸುತ್ತ ಧೂಳು, ಗುಂಡಿಯ ಮೇಲೆ ಮಾತ್ರ ಧೂಳಿಲ್ಲ. ಜಿಡ್ಡಿನ ಗುರುತೊಂದು ಮಿನುಗುತ್ತಿತ್ತು.

ಹೊರಗೆ ಬರುವಾಗ, ನೆಲ ಒರೆಸುವ ಸಾಮಾನಿಡುವ ಕಿಟಕಿಯಲ್ಲಿ ಮುಚ್ಚಳವಿದ್ದ ಒಂದು ಪುಟ್ಟ ಸ್ಟೀಲ್ ಕ್ಯಾನು ಕಂಡಿತು, ಹಾಲಿಗೆ ಹಿಡಿಯುವಂಥದ್ದು. ಸುತ್ತ ಇರುವೆ. ಅರುಣಕುಮಾರಿ ಮುಚ್ಚಳ ತೆಗೆದರು. ಹಾಲಿರಲಿಲ್ಲ, ತೊಳೆದು ಒರೆಸಿದ ಕ್ಯಾನಿನ ತಳದಲ್ಲಿ ಒಂದು ಅಚ್ಚು ಬೆಲ್ಲವಿತ್ತು.

ಆಯಾ ಮುನಿಲಕ್ಷ್ಮಿ ಪೊರಕೆ ಬಿಟ್ಟು ಓಡಿಬಂದಳು. "ಅದು ನಂದಲ್ಲ ಕಣಮ್ಮ. ತಿರ್ಗಿ ಕೊಡ್ಬೇಕು."

"ಮತ್ತೆ ಕೊಡಲಿಲ್ಲ ಯಾಕೆ? ಬೆಲ್ಲ ಎಲ್ಲ ಇರುವೆ ಪಾಲಾಗ್ತಿದೆ."

"ಈಗ ಕೊಡಂಗಿಲ್ಲ ಬುಡಮ್ಮ," ಎಂದವಳು ಕ್ಯಾನನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಆಚೆ ತಿರುಗಿದಳು.

ಹೊರಡುವ ಮುನ್ನ ಅರುಣಕುಮಾರಿ ಅಶ್ವಥನಿಂದ ಅವಧಿ ಮುಗಿದ, ಅದೇ ಬಗೆಯ ಇನ್ಸುಲಿನ್ ಸೀಸೆಗಳೆರಡನ್ನು ಕೇಳಿ ಪಡೆದರು.

* * *

ವೆಂಕಟರಾಮಪ್ಪ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಎತ್ತರದ ಆಳು, ಒಂದೇ ವಾರದಲ್ಲಿ ಬಗ್ಗಿಹೋದಂತಿತ್ತು. ಪಕ್ಕದಲ್ಲಿ ನೆರೆಮನೆಯವರು ಇಟ್ಟುಹೋದ ತಟ್ಟೆ, ಮುಚ್ಚಿದ ಎಲೆ ಮುಚ್ಚಿದಂತೆಯೇ ಇತ್ತು.

"ಯಾರಮ್ಮ ನೀವು? ಆ ನರ್ಸು ಕಡೆಯೋರಾ?"

"ಪಿಳ್ಳಮ್ಮನ ಕಡೆಯವರು ಅಂದುಕೊಳ್ಳಿ. ಹೇಗೆ ಹೋದರು ಅಂತ ತಿಳಕೊಳ್ಳೋಕೆ ಬಂದೆವು."

ಆ ಮಾತಿಗೆ ಅವರ ಗಡಸು ಸ್ವಲ್ಪ ಸಡಿಲಿತು. "ಆ ಉಡುಗೀನ ಮಗಳಂಗೆ ನೋಡ್ಕಂಡಿದ್ವಿ ಕಣಮ್ಮ. ನಮ್ಮವಳ ಔಷ್ದೀನ ಬಾಗ್ಲಾಗೆ ಇಕ್ಬೇಡ, ಒಳಗಡೆ, ತಣ್ಣಗಿರೋ ಕಡೆ ಇಕ್ಕು ಅಂತ ಏಳಿದ್ದೆ. ಸರಿ ತಾತ ಅಂತ ಇಕ್ಕಿದ್ಲು. ಆಲಾಗ್ಲಿ ಔಷ್ದಿಯಾಗ್ಲಿ, ಎಷ್ಟು ತಣ್ಣಗಿದ್ರೆ ಅಷ್ಟು ಕ್ಸೇಮ. ಡೈರಿನಾಗೆ ಕ್ಯಾನು ಒತ್ತು ಅರ್ಧ ಆಯಸ್ಸು ಕಳ್ದೀನಿ, ನಂಗೊತ್ತಿಲ್ವಾ?"

"ಹುಡುಗಿ ಮೇಲೆ ಅನುಮಾನ ಯಾಕೆ ಬಂತು?"

"ಮನಸು ಕೆಟ್ಟೋಳು ಅಂತ ಆಗ್ಲೇ ಗೊತ್ತಾಯ್ತು. ಪ್ರೀತಿಯಿಂದ ಕೊಟ್ಟಿದ್ದಕ್ಕೆ ಒಂದು ಮಾತಿಲ್ಲ, ನಗು ಇಲ್ಲ. ತಿಂದು ಬಾಯಿ ಒರ್ಸ್ಕಂಡ್ಲು. ಅಂಥೋಳು ಔಷ್ದಿ ಕದಿಯಲ್ವಾ?"

ಅರುಣಕುಮಾರಿ ಏನು ಕೊಟ್ಟಿರಿ ಎಂದು ಕೇಳಲಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ಒತ್ತಿಕೊಂಡು ಎಳೆಗರುವೊಂದು ನಿಂತಿತ್ತು, ಹುಟ್ಟಿ ಇನ್ನೂ ತಿಂಗಳೂ ತುಂಬದಂಥದ್ದು.

"ಅದಾ? ಅದು ಉಟ್ಟಿದ್ದು ನೋಡ್ಕಂಡೇ ಓದ್ಲು ನಮ್ಮವಳು. ಕಣ್ಣು ಕಾಣ್ದು, ಮೈ ಸವರಿ ನೋಡಿ ಕೆಂದಿ ಅಂತ ಎಸ್ರಿಕ್ಕಿದ್ಲು." ಅವರು ಕರುವಿನ ಕಡೆಗೇ ನೋಡುತ್ತಿದ್ದರು. "ಮಾವಿನಣ್ಣು ತಿಂದಿಲ್ಲ ಕಣೋ ಅಂತ ನನ್ ಕೈ ಇಡ್ಕಂಡು ಏಳಿದ್ಲು. ನಾನೂ ನಂಬ್ಲಿಲ್ಲಮ್ಮ. ನಾನೂ ಬೈದೆ."

ರೈಲಿನಲ್ಲಿ ಹಿಂದಿರುಗುವಾಗ ಅರುಣಕುಮಾರಿ ಕಿಟಕಿಯಾಚೆ ಗಣಿಯ ಮಣ್ಣಿನ ದಿಬ್ಬಗಳನ್ನೇ ನೋಡುತ್ತಿದ್ದರು. ಶ್ರೀದೇವಮ್ಮ ಬಿಸ್ಕತ್ತು ಮುಂದೆ ಹಿಡಿದರು. ತೆಗೆದುಕೊಳ್ಳಲಿಲ್ಲ. ಒಗಟು ಬಿಡಿಸಿದ ದಿನ ಅವರು ಎರಡು ಹೆಚ್ಚೇ ತಿನ್ನುತ್ತಿದ್ದರು.

"ಗೊತ್ತಾಯ್ತಾ?"

"ಗೊತ್ತಾಯ್ತು. ನಿನ್ನ ಮೂಗಿಗೆ ಆ ವಾಸನೆ ಬರದೇ ಇದ್ದಿದ್ದರೆ ಆಗುತ್ತಿತ್ತು ಶ್ರೀದೇವಿ."

ಆ ರಾತ್ರಿ ಒಂದು ಹಳೇ ಸೀಸೆ ಅರುಣಕುಮಾರಿಯವರ ಫ್ರಿಜ್ಜಿನ ಮಂಜಿನ ಗೂಡಿನಲ್ಲಿ ಮಲಗಿತು. ಬೆಳಿಗ್ಗೆ ಕರಗಿಸಿ, ಅಂಗೈಯಲ್ಲಿ ಉರುಳಿಸಿ, ಬೆಳಕಿಗೆ ಹಿಡಿದು ತೋರಿಸಿದರು. ಶ್ರೀದೇವಮ್ಮನಿಗೆ ಎಲ್ಲವೂ ಅರ್ಥವಾಯಿತು.

"ಹೇಳದೆ ಇರೋಕೆ ಆಗಲ್ವಾ ಅರುಣಾ?"

"ಹೇಳದಿದ್ದರೆ ಆ ಹುಡುಗಿ ಬದುಕೆಲ್ಲ ಕಳ್ಳಿಯಾಗೇ ಉಳೀತಾಳೆ. ಹೇಳಿದರೆ ಇನ್ನೊಬ್ಬರ ಎದೆ ಒಡೆಯುತ್ತೆ. ತಕ್ಕಡಿಯ ಎರಡು ಕಡೆಯೂ ಮನುಷ್ಯರೇ ಕೂತಿದ್ದಾರಲ್ಲ."

* * *

ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಕ್ಲಿನಿಕ್ಕಿನ ಬೆಂಚುಗಳ ಮೇಲೆ ಎಲ್ಲರೂ ಕೂತರು. ಡಾಕ್ಟರು, ಅಶ್ವಥ್, ಬಾಗಿಲಿಗೆ ಒರಗಿ ಮುನಿಲಕ್ಷ್ಮಿ. ಶಶಿರೇಖ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ವೆಂಕಟರಾಮಪ್ಪ ಅವಳಿಗೆ ಬೆನ್ನು ಹಾಕಿ ಕೂತರು.

ಅರುಣಕುಮಾರಿ ಮೇಜಿನ ಮೇಲೆ ಮೂರು ಸೀಸೆ ಇಟ್ಟರು.

"ಮೊದಲನೆಯದು ಅವಧಿ ಮುಗಿದ ಔಷಧಿ. ಅದಕ್ಕೆ ನೀರು ಬೆರೆಸಿದ್ದೀನಿ. ತೆಳ್ಳಗಾಗಿದೆ, ಚೂರಿಲ್ಲ. ಎರಡನೆಯದೂ ಅಂಥದ್ದೇ, ನೀರು ಬೆರೆಸಿಲ್ಲ. ನಿನ್ನೆ ರಾತ್ರಿ ಮಂಜುಗಡ್ಡೆಯಾಗಿಸಿ ಬೆಳಿಗ್ಗೆ ಕರಗಿಸಿದೆ. ಮೂರನೆಯದು ಪಿಳ್ಳಮ್ಮನದು. ಅದು ಯಾವುದನ್ನ ಹೋಲುತ್ತೆ, ನೀವೇ ಹೇಳಿ."

ಡಾಕ್ಟರು ಸೀಸೆಗಳನ್ನು ಕೈಗೆತ್ತಿಕೊಂಡರು. ಎರಡನೆಯದರಲ್ಲೂ ಮೂರನೆಯದರಲ್ಲೂ ಒಂದೇ ಬಗೆಯ ಬಿಳಿ ಪುಡಿ ಗಾಜಿಗೆ ಮೆತ್ತಿತ್ತು. "ಹೆಪ್ಪುಗಟ್ಟಿದೆ," ಎಂದರು ಮೆಲ್ಲಗೆ. "ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡಲ್ಲ. ಕರಗಿಸಿದರೂ ಅಷ್ಟೇ. ಹುಡುಗಿ ಚೂರು ತೋರಿಸಿದಾಗ ನಾನು... ನನಗೆ ಗೊತ್ತಾಗಬೇಕಿತ್ತು."

"ಹೌದು," ಎಂದರು ಅರುಣಕುಮಾರಿ. ಬೈಗುಳವಾಗಿ ಅಲ್ಲ. "ಹಾಗಾದರೆ ಯಾರೂ ಕದ್ದಿಲ್ಲ, ನೀರು ತುಂಬಿಲ್ಲ. ಔಷಧಿ ಈ ಫ್ರಿಜ್ಜಿನಲ್ಲೇ ಹೆಪ್ಪುಗಟ್ಟಿತು. ಒಂದೇ ಒಂದು ಸೀಸೆ, ಯಾಕೆಂದರೆ ಅದೊಂದೇ ಹಿಂದಿನ ತಗಡಿಗೆ ತಗುಲಿಕೊಂಡಿತ್ತು. ಡಬ್ಬದ ತಳ ನೆನೆದದ್ದು ಮಂಜು ಕರಗಿದ್ದರಿಂದ. ಬಾಗಿಲಿನ ಸೀಸೆಗಳಿಗೆ ಏನೂ ಆಗಲಿಲ್ಲ. ಆದರೆ ಅದೇ ಜಾಗದಲ್ಲಿ ಎಷ್ಟೋ ಕಾಲದಿಂದ ಇದ್ದದ್ದು, ಈಗ ಯಾಕೆ ಹೆಪ್ಪುಗಟ್ಟಿತು? ಯಾರೋ ಗುಂಡಿ ತಿರುಗಿಸಿದ್ದಾರೆ. ಗುಂಡಿಯ ಮೇಲೆ ಧೂಳಿರಲಿಲ್ಲ, ಜಿಡ್ಡಿತ್ತು. ಹಾಲಿನ ಜಿಡ್ಡು. ತಟ್ಟೆಯ ಸಂದಿಯಲ್ಲಿ ಗಿಣ್ಣು ಒಣಗಿತ್ತು. ಶ್ರೀದೇವಿಯ ಮೂಗು ಅದನ್ನು ಹಿಡೀತು." ಅವರು ಬಾಗಿಲ ಕಡೆ ತಿರುಗಿದರು. "ಮುನಿಲಕ್ಷ್ಮಿ, ಆ ಕ್ಯಾನು ತಂದಿಡಮ್ಮ. ಯಾರೂ ನಿನಗೆ ಏನೂ ಅನ್ನಲ್ಲ."

ಮುನಿಲಕ್ಷ್ಮಿ ಕ್ಯಾನನ್ನು ಮೇಜಿನ ಮೇಲಿಟ್ಟು ಅಳಲು ಶುರುಮಾಡಿದಳು.

"ಕೊಟ್ಟ ಪಾತ್ರೇನ ಬರಿದಾಗಿ ತಿರುಗಿಸಬಾರದು ಅಂತ ಬೆಲ್ಲ ಹಾಕಿಟ್ಟಿದ್ದೀಯ. ಆದರೂ ಕೊಡಲಿಲ್ಲ. ಈಗ ಕೊಡೋ ಹಾಗಿಲ್ಲ ಅಂದೆ. ಬೆಲ್ಲ ತಗೊಂಡು ಯಾವ ಮನೆಗೆ ಹೋಗೋ ಹಾಗಿಲ್ಲ? ಸಾವಾದ ಮನೆಗೆ."

"ಏಳ್ಬುಡ್ತೀನಿ ಕಣಮ್ಮ," ಎಂದಳು ಮುನಿಲಕ್ಷ್ಮಿ ಮೂಗೊರೆಸಿಕೊಂಡು. "ಅವತ್ತು ಸಂಜೆ ನರ್ಸಮ್ಮ ರೈಲಿಗೆ ಒಂಟೋಗಿತ್ತು. ಗಿಣ್ಣು ತಂದಿದ್ರು, ನರ್ಸಮ್ಮಂಗೆ ಅಂತ. ಕೆಟ್ಟೋ‌ಗ್ತದೆ, ಫ್ರಿಜ್ನಾಗೆ ಇಕ್ತೀನಿ ಅಂದ್ರು. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ನಾನು ನೆಲ ಒರುಸ್ತಿದ್ದೆ, ಅವ್ರೇ ಇಕ್ಕಿ ಓದ್ರು. ಬೆಳಿಗ್ಗೆ ಬಾಗ್ಲು ತೆಗುದ್ರೆ ಆಲು ಕಲ್ಲಾಗ್ಬುಟ್ಟದೆ! ಔಷ್ದಿ ಡಬ್ಬದ ಸುತ್ತ ಐಸು. ಗುಂಡಿ ಕೊನೇವರ್ಗೂ ತಿರುಗಿತ್ತು. ಇಂದಕ್ಕೆ ತಿರುಗ್ಸಿದೆ. ದಿನದಂಗೆ ಕರೆಂಟೂ ಓಯ್ತು, ಎಲ್ಲಾ ಕರಗ್ತು, ಒರ್ಸಿಕ್ಕಿದೆ. ತಿನ್ನೋದು ಇಕ್ಸಿದ್ದೀನಿ ಅಂತ ಗೊತ್ತಾದ್ರೆ ಕೆಲ್ಸ ಓಗ್ತದೆ ಅಂತ ಗಿಣ್ಣುನ್ನ ನಮ್ಮನೆಗೆ ತಕ್ಕಂಡೋದೆ. ಮಕ್ಳು ತಿಂದ್ವು. ನರ್ಸಮ್ಮಂಗೆ ಏಳ್ಲೇ ಇಲ್ಲ."

ಶಶಿರೇಖ ತಲೆಯೆತ್ತಿ ನೋಡಿದಳು. ತನಗಾಗಿ ಬಂದ ಗಿಣ್ಣಿನ ವಿಷಯ ಅವಳು ಕೇಳಿದ್ದು ಆಗಲೇ.

"ಹಾಗಾಗಿ ಅವಳು ಒಂದು ಮಾತೂ ಆಡಲಿಲ್ಲ," ಎಂದರು ಅರುಣಕುಮಾರಿ. "ಬಾಯಿ ಒರೆಸಿಕೊಂಡದ್ದಲ್ಲ. ಅದು ಅವಳ ಕೈಗೇ ಸೇರಲಿಲ್ಲ." ಅವರ ದನಿ ತಗ್ಗಿತು. "ಇಲ್ಲಿ ಥರ್ಮಾಮೀಟರ್ ಇದ್ದಿದ್ದರೆ ಬೆಳಿಗ್ಗೆಯೇ ತಿಳಿಯುತ್ತಿತ್ತು. ಆ ಚೀಟಿಯ ಮೇಲೆ ಕ್ಯಾಲೆಂಡರ್ ಇಲ್ಲದಿದ್ದರೆ ತಿನ್ನೋದನ್ನ ಇಡಬಾರದು ಅಂತ ತಿಳಿಯುತ್ತಿತ್ತು. ಮಂಜು ಕಂಡ ದಿನ ಮುನಿಲಕ್ಷ್ಮಿ ಹೆದರದೆ ಬಾಯಿಬಿಡೋ ಹಾಗಿದ್ದಿದ್ದರೆ, ಚೂರು ಕಂಡ ದಿನ ಶಶಿರೇಖ ಹಟ ಹಿಡಿದಿದ್ದರೆ, ಡಾಕ್ಟರು ಒಂದು ಗಳಿಗೆ ಬಿಡುವು ಮಾಡಿಕೊಂಡಿದ್ದರೆ, ಪಿಳ್ಳಮ್ಮ ಹೇಳಿದ್ದನ್ನ ನಂಬಿದ್ದರೆ... ಇಷ್ಟು ಬಾಗಿಲು ಇದ್ದವು. ಎಲ್ಲವನ್ನೂ ನಾವು ನಾವೇ ಮುಚ್ಚಿದ್ದು. ಗುಂಡಿ ತಿರುಗಿಸಿದ ಕೈಯೊಂದರದೇ ತಪ್ಪು ಅಂತ ನಾನು ಹೇಳಲ್ಲ. ಅದು ಯಾರ ಕೈ ಅಂತಲೂ ಹೇಳಲ್ಲ. ಶಶಿರೇಖ ಕಳ್ಳಿಯಲ್ಲ, ಇವತ್ತಿಗೆ ಅಷ್ಟು ಸಾಕು."

"ಯಾರು ಮೇಡಂ?" ಎಂದುಬಿಟ್ಟ ಅಶ್ವಥ್. ಕೇಳಿದ ಮೇಲೆ ಅವನಿಗೇ ಹೊಳೆದು, ನಾಲಿಗೆ ಕಚ್ಚಿಕೊಂಡ.

ವೆಂಕಟರಾಮಪ್ಪ ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು, ಬೇರೆ ಯಾರದೋ ಕೈ ತಮ್ಮ ಮಡಿಲಿಗೆ ಬಿದ್ದಿದೆಯೇನೋ ಎಂಬಂತೆ.

"ನಾನೇ," ಎಂದರು. "ಅಸ ಈಯ್ದಿತ್ತು. ಮೊದಲ ಗಿಣ್ಣು ನರ್ಸು ಉಡುಗಿಗೆ ಕೊಟ್ಬಾ ಅಂತ ನಮ್ಮವಳೇ ಕಳ್ಸಿದ್ಲು. ಫ್ರಿಜ್ನಾಗೆ ಕೈ ಇಕ್ಕಿದ್ರೆ ತಣ್ಣಗೇ ಇರ್ಲಿಲ್ಲ. ಕರೆಂಟು ಓಗಿ ಬಂದಿತ್ತೇನೋ. ಬೆಳ್ಗಾಗೋದ್ರಾಗೆ ಆಲೂ ಒಡೀತದೆ, ಅವಳ ಔಷ್ದೀನೂ ಕೆಡ್ತದೆ ಅನ್ಕಂಡೆ. ಆಲು ಕಲ್ಲಾದ್ರೆ ಏನಾಯ್ತದೆ, ಕಾಯ್ಸಿದ್ರೆ ಆಲೇ. ಔಷ್ದೀನೂ ಅಂಗೇ ಅನ್ಕಂಡೆ. ಒಳ್ಳೇದಾಗ್ಲಿ ಅಂತ್ಲೇ ತಿರುಗ್ಸಿದ್ದು ಕಣಮ್ಮ. ಒಳ್ಳೇದಾಗ್ಲಿ ಅಂತ್ಲೇ."

ಅವರು ಅಳಲಿಲ್ಲ. ಅತ್ತಿದ್ದರೆ ಶ್ರೀದೇವಮ್ಮನಿಗೆ ಸಹಿಸುವುದು ಸುಲಭವಾಗುತ್ತಿತ್ತು.

ಡಾಕ್ಟರು ಎದ್ದು ಹೋಗಿ ಫ್ರಿಜ್ಜಿನ ಬಾಗಿಲ ಕ್ಯಾಲೆಂಡರನ್ನು ಕಳಚಿ ತಂದರು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. "ಔಷಧಿ ನನ್ನ ಕ್ಲಿನಿಕ್ಕಿನಲ್ಲಿತ್ತು ವೆಂಕಟರಾಮಪ್ಪ, ನಿಮ್ಮ ಮನೆಯಲ್ಲಲ್ಲ," ಎಂದರು. "ಅದನ್ನ ಕಾಯೋದು ನನ್ನ ಕೆಲಸ. ತಂಡದವರಿಗೆ ಇನ್ನೂ ಸಿದ್ಧವಾಗಿಲ್ಲ ಅಂತ ಇವತ್ತೇ ತಿಳಿಸ್ತೀನಿ. ಯಾಕೆ ಅಂತಲೂ ತಿಳಿಸ್ತೀನಿ. ಶಶಿರೇಖ, ಸಂಜೆ ಪೇಷೆಂಟ್ಸ್ ಬರ್ತಾರೆ. ನೀನು ಬರ್ತೀಯೇನಮ್ಮ?" ಅಪ್ಪಣೆಯಂತಿರಲಿಲ್ಲ ಆ ಮಾತು, ಬೇಡಿಕೆಯಂತಿತ್ತು.

ಅವಳು ತಲೆಯಾಡಿಸಿದಳು. ಆಮೇಲೆ ಎದ್ದು, ಮೇಜಿನ ಮೇಲಿದ್ದ ಕ್ಯಾನನ್ನು ಕೈಗೆತ್ತಿಕೊಂಡಳು. ಮುನಿಲಕ್ಷ್ಮಿ ತಡೆಯಲು ಹೋಗಿ ಕೈ ಹಿಂದೆಗೆದಳು. ಶಶಿರೇಖ ಬೆಲ್ಲ ತೆಗೆದಿಟ್ಟು, ನಲ್ಲಿಯಲ್ಲಿ ಕ್ಯಾನು ತೊಳೆದು, ತನ್ನ ದುಪಟ್ಟದ ಅಂಚಿನಿಂದ ಒಳಗೆಲ್ಲ ಒರೆಸಿದಳು. ಚೀಲದಿಂದ ಡಬ್ಬಿ ತೆಗೆದಳು. ಅವಳಮ್ಮ ಮಗಳು ಕೆಲಸಕ್ಕೆ ಹೊರಟಳೆಂದು ನಂಬಿ ಬೆಳಿಗ್ಗೆ ಕಲಸಿಕೊಟ್ಟ ಮಸ್ಸೊಪ್ಪಿನ ಅನ್ನ. ಒಂದಗುಳೂ ಚೆಲ್ಲದ ಹಾಗೆ ಅದನ್ನು ಕ್ಯಾನಿಗೆ ತುಂಬಿದಳು.

ವೆಂಕಟರಾಮಪ್ಪ ಇನ್ನೂ ಕೈ ನೋಡಿಕೊಳ್ಳುತ್ತಲೇ ಇದ್ದರು. ಅವಳು ಅವರ ಮುಂದೆ ಮಂಡಿಯೂರಿ ಕೂತು, ಆ ಬಲಗೈಯನ್ನು ಎತ್ತಿ, ಕ್ಯಾನಿನ ಹಿಡಿಯನ್ನು ಅದರೊಳಗೆ ಇಟ್ಟಳು.